ಇಲ್ಲ ಎಂದು ಬರೆಯುವ ಮೊದಲು

(ವಿಜಯಪುರದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಸುತ್ತಲಿನ ಹಳ್ಳಿಗಳಿಂದ ಬಂದಿದ್ದ ಕೆಲವು ರೈತರ ಎದುರು ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೆಗಳನ್ನು ಕೇಳಿದ ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ದನಿ ಕೇಳಿಸ್ತಿದೆ ಅಲ್ವಾ? ಸರಿ.

ನಮ್ಮ ಬಳ್ಳಾರಿ ದಾಟಿದರೆ ಅನಂತಪುರ. 1900ರಲ್ಲಿ ಅದರ ಸಮೀಪ ಹೊವಾರ್ಡ್ ಕ್ಯಾಂಪ್‌ಬೆಲ್ ಎಂಬುವರು ಒಂದು ಹಕ್ಕಿ ನೋಡಿದರು. ಪಾರಿವಾಳಕ್ಕಿಂತ ತುಸು ಚಿಕ್ಕದು. ಉದ್ದ ಕಾಲು, ದೊಡ್ಡ ಕಣ್ಣು, ಎದೆಗೆ ಅಡ್ಡಲಾಗಿ ಎರಡು ಕಂದು ಪಟ್ಟಿ. ಹೆಸರು ಜೆರ್ಡನ್ಸ್ ಕೋರ್ಸರ್. ಸೈನ್ಯದಲ್ಲಿ ಡಾಕ್ಟರ್ ಆಗಿದ್ದ ಥಾಮಸ್ ಜೆರ್ಡನ್ ಇದನ್ನು ಮೊದಲು ಗುರುತಿಸಿದ್ದರಿಂದ ಅವರ ಹೆಸರು. ಕ್ಯಾಂಪ್‌ಬೆಲ್ ಆದಮೇಲೆ ಅದು ಯಾವ ವಿಜ್ಞಾನಿಯ ಕಣ್ಣಿಗೂ ಬೀಳಲಿಲ್ಲ. ಯಾರೂ ಹುಡುಕಲಿಲ್ಲ ಅಂತಲ್ಲ. ಹುಡುಕಿದರು, ಸಿಗಲಿಲ್ಲ. ಕೊನೆಗೆ ಅಳಿದುಹೋಗಿರಬೇಕು ಅಂದುಕೊಂಡು ಸುಮ್ಮನಾದರು.

1985ರ ಸುಮಾರಿಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಎಂಬ ಯುವಕ ಮತ್ತೆ ಹುಡುಕಲು ಹೊರಟರು. ಅವರು ಮಾಡಿದ ಕೆಲಸ ಕೇಳೋದಕ್ಕೆ ತುಂಬಾ ಸರಳ. ಹಕ್ಕಿಯ ಚಿತ್ರ ಹಿಡಿದುಕೊಂಡು ಹಳ್ಳಿ ಹಳ್ಳಿ ತಿರುಗಿದರು. ಕಡಪ ಜಿಲ್ಲೆಯ ಲಂಕಮಲ ಬೆಟ್ಟದ ತಪ್ಪಲಲ್ಲಿ ರೆಡ್ಡಿಪಲ್ಲಿ ಅಂತ ಒಂದು ಊರು. ಅಲ್ಲಿನವರಿಗೆ ಈ ಹಕ್ಕಿ ಗೊತ್ತಿತ್ತು. ಅದಕ್ಕೊಂದು ತೆಲುಗು ಹೆಸರೂ ಇತ್ತು, ಕಲಿವಿ ಕೋಡಿ. 1986ರ ಜನವರಿಯಲ್ಲಿ ಐತಣ್ಣ ಎಂಬ ಹಳ್ಳಿಯವರು ರಾತ್ರಿ ಟಾರ್ಚ್ ಬೆಳಕಿನಲ್ಲಿ ಒಂದು ಹಕ್ಕಿ ಹಿಡಿದರು. ಪಾಪ, ಆ ಹಕ್ಕಿ ಬದುಕಲಿಲ್ಲ. ಆದರೆ 86 ವರ್ಷದ ಮೇಲೆ ಅದು ಇದೆ ಅಂತ ಖಾತ್ರಿ ಆಯಿತು.

ರಾತ್ರಿ ಹಿಡಿದರು ಅಂದೆ. ಅದನ್ನು ಸ್ವಲ್ಪ ಗಮನಿಸಿ. ಇದು ರಾತ್ರಿ ಓಡಾಡುವ ಹಕ್ಕಿ. ಹಗಲೆಲ್ಲ ಪೊದೆಯ ನೆರಳಲ್ಲಿ ಸುಮ್ನೆ ಕೂತಿರುತ್ತದೆ. ಮೊದಲು ಹುಡುಕಿದವರು ದೊಡ್ಡ ದೊಡ್ಡ ತಜ್ಞರು. ದುರ್ಬೀನು ಇತ್ತು, ಜೀಪು ಇತ್ತು, ಹೊರಟಿದ್ದು ಮಾತ್ರ ಹಗಲು ಹೊತ್ತಿನಲ್ಲಿ. ಆ ಕಾಡಿನಲ್ಲಿ ಕತ್ತಲೆಯಲ್ಲಿ ಓಡಾಡುವವರು ಯಾರು? ಐತಣ್ಣನಂಥವರು. ಅಂಥವರನ್ನು ಒಬ್ಬರಾದರೂ ಮೊದಲೇ ಕೂರಿಸಿಕೊಂಡು ಕೇಳಿದ್ದರೆ ಈ ಹುಡುಕಾಟ ಎಷ್ಟೋ ವರ್ಷ ಮುಂಚೆ ಮುಗಿಯುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಇವತ್ತು ನಾನು ಹೇಳಬೇಕಾದದ್ದು ಹೆಚ್ಚುಕಡಿಮೆ ಇದೇ. ಕಾಣೆಯಾದ ಹಕ್ಕಿ ಹುಡುಕೋದು ಅಂದರೆ ಅರ್ಧ ಕೆಲಸ ಕೇಳುವುದು. ಇನ್ನರ್ಧ, ಕೇಳಿದ್ದನ್ನೂ ನೋಡಿದ್ದನ್ನೂ ಕೂಡಿಸದೆ ಕಳೆಯದೆ ಬರೆದಿಡುವುದು.

ಸಿಕ್ಕಿತು ಅಂದಮೇಲೂ ಕೋರ್ಸರ್ ಕಥೆ ಮುಗಿಯಲಿಲ್ಲ. ಎಷ್ಟು ಹಕ್ಕಿ ಇವೆ, ಎಲ್ಲೆಲ್ಲಿ ಇವೆ? ಕತ್ತಲಲ್ಲಿ ಓಡುವ ಹಕ್ಕಿಯನ್ನು ಎಣಿಸೋದು ಹೇಗೆ? ಸುಮಾರು 2000ರಿಂದ ಜೆಗನಾಥನ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು ಒಂದು ಉಪಾಯ ಮಾಡಿದರು. ಪೊದೆಗಳ ನಡುವೆ ಅಲ್ಲಲ್ಲಿ ನೆಲ ಹಸನು ಮಾಡಿ, ನುಣ್ಣನೆ ಮಣ್ಣಿನ ಪಟ್ಟಿ ಹಾಸಿದರು. ಸಂಜೆ ಮಣ್ಣು ಸವರಿ ಹೋಗುವುದು, ಬೆಳಿಗ್ಗೆ ಬಂದು ಹೆಜ್ಜೆ ನೋಡುವುದು. ಕೋರ್ಸರ್ ಕಾಲಿಗೆ ಮೂರೇ ಬೆರಳು, ಎಲ್ಲವೂ ಮುಂದಕ್ಕೆ. ಹಿಂದಿನ ಬೆರಳು ಇಲ್ಲವೇ ಇಲ್ಲ. ಆದರೆ ಅದೇ ಜಾಗದಲ್ಲಿ ಟಿಟ್ಟಿಭಗಳೂ ಓಡಾಡುತ್ತವೆ. ಅವುಗಳ ಹೆಜ್ಜೆಯೂ ನೋಡಲು ಸುಮಾರಾಗಿ ಹಾಗೇ. ಅದಕ್ಕೆ ಒಂದೊಂದು ಬೆರಳಿನ ಉದ್ದ, ಅಗಲ ಅಳೆದು, ಇದು ಅದೇ, ಇದು ಅದಲ್ಲ ಅಂತ ಬೇರೆ ಮಾಡಬೇಕಾಯಿತು. ಎಷ್ಟು ತಾಳ್ಮೆ ಬೇಕು ನೋಡಿ! ಟಿವಿಯಲ್ಲಿ ಹೆಲಿಕಾಪ್ಟರ್, ಡ್ರೋನ್ ತೋರಿಸ್ತಾರೆ. ಇಲ್ಲಿ ಕೆಲಸಕ್ಕೆ ಬಂದದ್ದು ಜರಡಿ ಹಿಡಿದ ಮಣ್ಣು.

ಆ ಅಧ್ಯಯನದಿಂದ ಇನ್ನೊಂದು ಸಂಗತಿ ಗೊತ್ತಾಯಿತು. ಈ ಹಕ್ಕಿಗೆ ದಟ್ಟ ಕಾಡು ಆಗೋದಿಲ್ಲ. ಪೂರ್ತಿ ಬಯಲೂ ಆಗೋದಿಲ್ಲ. ನಡುನಡುವೆ ಬರಿ ನೆಲ ಇರುವ ಕುರುಚಲು ಬೇಕು. ಅಂದರೆ ಕುರಿ, ಆಡು ಮೇಯುವುದು ನಿಂತು ಪೊದೆ ಒತ್ತಾಗಿ ಬೆಳೆದರೂ ಕಷ್ಟ, ಬುಡಸಮೇತ ಕಡಿದು ಹೊಲ ಮಾಡಿದರೂ ಕಷ್ಟ. ತೆಲುಗು ಗಂಗಾ ಕಾಲುವೆ ಇದೇ ಜಾಗದ ಮೇಲೆ ಹೋಗುವುದಿತ್ತು, ಅದರ ದಾರಿಯನ್ನು ಬದಲಿಸಿದರು. ಹಾಗಿದ್ದೂ ಆಮೇಲೆ ಎಷ್ಟೋ ವರ್ಷ ಹಕ್ಕಿಯ ಸುದ್ದಿಯೇ ಇರಲಿಲ್ಲ. 2025ರಲ್ಲಿ ಹಕ್ಕಿ ವೀಕ್ಷಕರು ಆಂಧ್ರದಲ್ಲಿ ಅದರ ಕೂಗನ್ನು ಮತ್ತೆ ದಾಖಲಿಸಿದರು.

ನಮ್ಮ ರಾಜ್ಯಕ್ಕೂ ಈ ಹಕ್ಕಿಗೂ ಒಂದು ನಂಟಿದೆ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಒಂದು ಹಳೆ ಮೊಟ್ಟೆ ಇತ್ತು. ಮೇಲೆ ಈ ಹಕ್ಕಿಯ ಹೆಸರು. ನಂಬುವುದು ಹೇಗೆ? ಜಗತ್ತಿನಲ್ಲಿ ಬೇರೆ ಎಲ್ಲೂ ಕೋರ್ಸರ್ ಮೊಟ್ಟೆ ಇರಲಿಲ್ಲ, ಹೋಲಿಸಿ ನೋಡೋಣ ಅಂದರೆ. ಕೊನೆಗೆ ಡಿಎನ್‌ಎ ಪರೀಕ್ಷೆ ಮಾಡಿದರು. ಹಳೆಯ ಹಕ್ಕಿ ಚರ್ಮಗಳ ಡಿಎನ್‌ಎ ಜೊತೆ ತಾಳೆ ಆಯಿತು. ಅದು ಸಿಕ್ಕಿದ್ದು ಎಲ್ಲಿ ಗೊತ್ತಾ? ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ, 1917ರಲ್ಲಿ. ಅಂದರೆ ಕೊನೆಯ ಬಾರಿ ಕಂಡಿದ್ದು 1900ರಲ್ಲಿ ಅಂತ ಎಲ್ಲರೂ ಬರೆಯುತ್ತಿದ್ದಾಗ, ಅದಾಗಿ 17 ವರ್ಷದ ನಂತರದ ಮೊಟ್ಟೆಯೊಂದು ಡ್ರಾಯರಿನಲ್ಲಿ ಮಲಗಿತ್ತು. ಯಾರೋ ಪುಣ್ಯಾತ್ಮ ಮೊಟ್ಟೆ ಎತ್ತಿಟ್ಟು ಹೆಸರು ಬರೆದಿಟ್ಟಿದ್ದರಿಂದ ಇಷ್ಟಾದರೂ ತಿಳಿಯಿತು.

ಬರೆದಿಡುವ ಮಾತು ಬಂತು. ಸುಳ್ಳು ಬರೆದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಗೂಬೆಯ ಕಥೆ ಹೇಳುತ್ತೇನೆ.

ನಮ್ಮ ಹಾಲಕ್ಕಿ ನೋಡಿದ್ದೀರಲ್ಲ, ಸಂಜೆ ಹಾಳು ಗೋಡೆ ಮೇಲೆ, ಬೇವಿನ ಮರದ ಪೊಟರೆಯಲ್ಲಿ ಕೂತು ಕಿರುಚುವ ಸಣ್ಣ ಗೂಬೆ. ಅದರ ಹತ್ತಿರದ ನೆಂಟ ಒಂದಿದೆ, ಫಾರೆಸ್ಟ್ ಔಲೆಟ್. 1873ರಲ್ಲಿ ಎ.ಒ. ಹ್ಯೂಮ್ ಅದಕ್ಕೆ ಹೆಸರಿಟ್ಟರು. ಕಾಂಗ್ರೆಸ್ ಸ್ಥಾಪಿಸಿದರಲ್ಲ, ಅದೇ ಹ್ಯೂಮ್. ಈಗಿನ ಮಹಾರಾಷ್ಟ್ರದ ಖಾಂದೇಶದಲ್ಲಿ ಜೇಮ್ಸ್ ಡೇವಿಡ್ಸನ್ ಎಂಬ ಅಧಿಕಾರಿ ಇವುಗಳಲ್ಲಿ ಕೆಲವನ್ನು ಹೊಡೆದು ಚರ್ಮ ಕಾಪಿಟ್ಟರು. 1884ರ ನಂತರ ಅದು ಸಿಗಲಿಲ್ಲ. ಈ ಡೇವಿಡ್ಸನ್ ನಮಗೆ ತೀರಾ ಹೊರಗಿನವರಲ್ಲ. ಅವರು ಮುಂಬೈ ಪ್ರಾಂತ್ಯದ ನೌಕರಿಯಲ್ಲಿದ್ದವರು, ಆಗ ವಿಜಯಪುರವೂ ಬೆಳಗಾವಿಯೂ ಅದೇ ಪ್ರಾಂತ್ಯ. ಮುಂದೆ ಕಾರವಾರದ ಕಡೆ ಕೆಲಸ ಮಾಡಿ, 1898ರಲ್ಲಿ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದರು. ಬೆಳಗಾವಿ ದಂಡಿನಲ್ಲಿದ್ದ ಕ್ಯಾಪ್ಟನ್ ಬಟ್ಲರ್ 1881ರಲ್ಲಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿ ಪ್ರಕಟಿಸಿದ್ದರು. ಬಂದೂಕು ಹಿಡಿದವರು, ನಿಜ. ಆದರೆ ಎಲ್ಲಿ, ಯಾವತ್ತು ಅನ್ನೋದನ್ನು ಒಪ್ಪವಾಗಿ ಬರೆದಿಟ್ಟರು.

ಇನ್ನೊಬ್ಬ ಇದ್ದ, ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹೇಗನ್. ಹಕ್ಕಿ ತಜ್ಞ ಅಂತ ಬಹಳ ಹೆಸರುವಾಸಿ. ತಾನು 1914ರಲ್ಲಿ ಗುಜರಾತಿನ ಮಾಂಡವಿ ಹತ್ತಿರ ಈ ಗೂಬೆ ಹೊಡೆದೆ ಅಂತ ಒಂದು ಚರ್ಮ ತೋರಿಸಿದ. ಎಲ್ಲರೂ ನಂಬಿದರು. ಮುಂದೆ ಗೂಬೆ ಹುಡುಕಿದವರಲ್ಲಿ ಸಲೀಂ ಅಲಿ, ಡಿಲ್ಲನ್ ರಿಪ್ಲಿ ಅಂಥ ದೊಡ್ಡ ಹಕ್ಕಿ ತಜ್ಞರೂ ಇದ್ದರು. ಸಿಗಲಿಲ್ಲ. 1990ರ ದಶಕದಲ್ಲಿ ಅಮೆರಿಕದ ಪಮೇಲಾ ರಾಸ್ಮುಸನ್ ಆ ಚರ್ಮವನ್ನು ಎಕ್ಸ್‌ರೇ ಮಾಡಿ, ಹೊಲಿಗೆ, ಒಳಗೆ ತುಂಬಿದ ಹತ್ತಿ ಎಲ್ಲ ಪರೀಕ್ಷೆ ಮಾಡಿದರು. ಹೊಲಿಗೆ ಬಿಚ್ಚಿ ಮತ್ತೆ ತುಂಬಿದ ಗುರುತು ಕಂಡಿತು. ಅದು ಡೇವಿಡ್ಸನ್ ತಯಾರು ಮಾಡಿದ ಚರ್ಮ! ಮ್ಯೂಸಿಯಂನಿಂದ ಕದ್ದು, ಊರು, ದಿನ ಬರೆದ ಚೀಟಿ ಬದಲಿಸಿ ತನ್ನದು ಅಂದಿದ್ದ.

ಈ ಸುಳ್ಳನ್ನು ಕಿತ್ತು ಹಾಕಿದ ಮೇಲೆ ಉಳಿದದ್ದು ಹಳೆಯ ನಿಜವಾದ ಚೀಟಿಗಳು. ಅವು ಹೇಳಿದ ಜಾಗಗಳಿಗೇ ರಾಸ್ಮುಸನ್, ಬೆನ್ ಕಿಂಗ್, ಡೇವಿಡ್ ಅಬಟ್ ಹೋದರು. 1997ರ ನವೆಂಬರ್ 25ರ ಬೆಳಿಗ್ಗೆ, ಮಹಾರಾಷ್ಟ್ರದ ಶಹಾದಾ ಹತ್ತಿರ, ಎಲೆ ಉದುರಿದ ಮರದ ಮೇಲೆ ಗೂಬೆ ಕೂತಿತ್ತು. ಹಾಡು ಹಗಲು, ಎಲ್ಲರ ಕಣ್ಣೆದುರಿಗೆ. 113 ವರ್ಷ! ಆಮೇಲೆ ಮೇಳಘಾಟ್ ಮೊದಲಾದ ಕಡೆಯೂ ಸಿಕ್ಕಿತು. ನನಗೆ ಆ ಕರ್ನಲ್ ಮೇಲೆ ಈಗಲೂ ಸಿಟ್ಟಿದೆ. ಚರ್ಮ ಕದ್ದದ್ದಕ್ಕಲ್ಲ, ದಾರಿ ತಪ್ಪಿಸಿದ್ದಕ್ಕೆ.

ಇದರ ಉಲ್ಟಾ ತಪ್ಪೂ ಇದೆ. ಇದ್ದದ್ದನ್ನು ಇಲ್ಲ ಅಂದುಬಿಡುವುದು. ಫಿಲಿಪ್ಪೀನ್ಸಿನ ಸೆಬು ದ್ವೀಪದಲ್ಲಿ ಹೂಗುಬ್ಬಿಯಂಥ ಪುಟ್ಟ ಹಕ್ಕಿಯೊಂದಿದೆ. ದ್ವೀಪದ ಕಾಡೆಲ್ಲ ಕಡಿದಾಯಿತು, ಇನ್ನೆಲ್ಲಿ ಹಕ್ಕಿ ಅಂತ ಅದನ್ನು ಅಳಿದವುಗಳ ಪಟ್ಟಿಗೆ ಸೇರಿಸಿದರು. 1992ರಲ್ಲಿ ನೋಡಿದರೆ ಉಳಿದ ಒಂದು ತುಣುಕು ಕಾಡಿನಲ್ಲಿ ಅದು ಬದುಕಿತ್ತು. ಹಕ್ಕಿಯೇ ಇಲ್ಲ ಅಂದಮೇಲೆ ಆ ತುಣುಕು ಕಾಡನ್ನು ಕಾಯುವವರು ಯಾರು ಹೇಳಿ? ಇಲ್ಲ ಅಂತ ಬರೆಯೋದು ಸುಮ್ನೆ ಅಲ್ಲ, ಅದರ ಹಿಂದೆ ಜೆಸಿಬಿ ಬರುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ.

ಎರೆಭೂತ. ಇಲ್ಲಿರುವ ಹಿರಿಯರಲ್ಲಿ ಕೆಲವರು ತಲೆ ಆಡಿಸ್ತಿದ್ದೀರಿ, ಹುಡುಗರು ಮುಖ ಮುಖ ನೋಡಿಕೊಳ್ತಿದ್ದೀರಿ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ಭೀಮಾ ಆಚೆ ಮರಾಠಿಯಲ್ಲಿ ಮಾಳಢೋಕ್. ಮೀಟರ್ ಎತ್ತರ. ಗಂಡು 15 ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಬೆರಳೆಣಿಕೆ. ಹುಲ್ಲುಗಾವಲು, ಎರೆ ಹೊಲ, ಜೋಳ, ಕಡಲೆ, ಮಿಡತೆ ಇದರ ಪ್ರಪಂಚ. ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಒಂದು ನಾಯಿ, ಒಂದು ಟ್ರ್ಯಾಕ್ಟರ್ ಸಾಕು, ಆ ವರ್ಷದ ಲೆಕ್ಕ ಮುಗಿಯಿತು.

ಈ ಹಕ್ಕಿ ಅಳಿದಿಲ್ಲ. ಆದರೆ ಇಡೀ ದೇಶದ ಕಾಡು ಮೇಡಿನಲ್ಲಿ ಈಗ ಉಳಿದಿರುವುದು 150ಕ್ಕೂ ಕಡಿಮೆ, ಬಹುಪಾಲು ರಾಜಸ್ಥಾನದಲ್ಲಿ. ಅಹ್ಮದನಗರ ಜಿಲ್ಲೆಯೊಂದರಲ್ಲೇ 1809ರಿಂದ 1829ರ ನಡುವೆ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬ ಬೇಟೆಗಾರ ಹೊಡೆದದ್ದು 961. ಒಬ್ಬನೇ! ಕರ್ನಾಟಕದಲ್ಲಿ ರಾಣೆಬೆನ್ನೂರಿನ ಕಡೆ ಇತ್ತು, ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟರು, ಹಕ್ಕಿ ಹೋಯಿತು. ಬಳ್ಳಾರಿ ಜಿಲ್ಲೆ ಸಿರುಗುಪ್ಪದ ಎರೆ ಹೊಲಗಳಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಕಂಡಿವೆ. ಇಲ್ಲಿಂದ ಉತ್ತರಕ್ಕೆ ಸೋಲಾಪುರದ ನಾನಜ್‌ನಲ್ಲಿ ಇದಕ್ಕೆಂದೇ 1979ರಲ್ಲಿ ಅಭಯಾರಣ್ಯ ಆಯಿತು. ನಾವು ಎರಡರ ನಡುವೆ ಇದ್ದೇವೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಅನ್ನುವ, ಡೋಣಿ ಹೊಳೆಯ ಬಿಳಿಜೋಳದ ನೆಲ ಇದು. ಎರೆಭೂತಕ್ಕೆ ಹೇಳಿ ಮಾಡಿಸಿದ ಜಾಗ.

ಹಾಗಾದರೆ ಈಗ ಇಲ್ಲಿ ಇದೆಯಾ? ನನಗೆ ಕಂಡಿಲ್ಲ. ನನ್ನ ಅಂದಾಜು ಕೇಳಿದರೆ, ಇಲ್ಲಿ ನೆಲೆಸಿ ಮರಿ ಮಾಡುವ ಹಕ್ಕಿ ಉಳಿದಿರುವುದು ಕಷ್ಟ. ನೀರಾವರಿ ಬಂತು, ಕಬ್ಬು ಬಂತು, ದ್ರಾಕ್ಷಿ ಚಪ್ಪರ ಬಂತು. ಯಾರನ್ನೂ ಬೈಯುವ ಹಾಗಿಲ್ಲ, ಬರಗಾಲ ಕಂಡ ಜಿಲ್ಲೆಗೆ ಕೃಷ್ಣೆಯ ನೀರು ಬೇಡ ಅನ್ನಲು ನಾನ್ಯಾರು? ಆದರೆ ದೂರದವರೆಗೆ ನೋಡಿಕೊಂಡು ಬದುಕುವ ಹಕ್ಕಿಗೆ ಕಬ್ಬಿನ ಗದ್ದೆ ಗೋಡೆ ಕಟ್ಟಿದಂತೆ. ಅದರ ಮೇಲೆ ಗಾಳಿಯಂತ್ರ, ಸೋಲಾರ್, ಅವುಗಳ ತಂತಿ. ಎರೆಭೂತದ ಕಣ್ಣು ತಲೆಯ ಅಕ್ಕಪಕ್ಕ ಇವೆ, ಎದುರಿನದು ಸರಿಯಾಗಿ ಕಾಣೋದಿಲ್ಲ. ತಂತಿ ಕಂಡ ಮೇಲೂ ಅಷ್ಟು ಭಾರದ ದೇಹ ತಟ್ಟನೆ ತಿರುಗುವುದಿಲ್ಲ. ರಾಜಸ್ಥಾನ, ಗುಜರಾತಿನ ತಂತಿಗಳ ವಿಷಯ 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶದವರೆಗೂ ಹೋಯಿತು.

ಆದರೂ ‘ಇಲ್ಲ’ ಎಂದು ಬರೆಯಲು ನಾನು ತಯಾರಿಲ್ಲ. ಯಾಕಂದರೆ ನಾವು ಇನ್ನೂ ಸರಿಯಾಗಿ ಕೇಳಿಲ್ಲ.

ಕೇಳುವುದರಲ್ಲಿ ಒಂದು ರೀತಿ ಇದೆ. ಮೊಬೈಲಿನಲ್ಲಿ ಫೋಟೋ ತೋರಿಸಿ "ಈ ಹಕ್ಕಿ ನೋಡೀರೇನ್ರಿ?" ಅಂತ ಕೇಳಿ ನೋಡಿ. ನಮ್ಮ ಜನ ಮರ್ಯಾದಸ್ಥರು. ದೂರದಿಂದ ಬಂದವರ ಮನಸ್ಸು ಯಾಕೆ ಮುರಿಯಬೇಕು ಅಂತ "ಹೌದ್ರಿ, ಬರ್ತಾವ್ರಿ" ಅಂದುಬಿಡ್ತಾರೆ. ಭರತ್ ಭೂಷಣ್ ಚಿತ್ರ ತೋರಿಸಿಯೇ ಕೇಳಿದರಲ್ಲ ಅನ್ನಬಹುದು. ಹೌದು, ಆದರೆ ಅಲ್ಲಿ ಆಮೇಲೆ ಹಕ್ಕಿಯೇ ಸಿಕ್ಕಿತು. ಬರೀ ಮಾತು ನಂಬಿ ಬರೆಯುವಾಗ ಫೋಟೋ ಕೊನೆಗೆ ಇರಲಿ. ಮೊದಲು ಕೂಡಬೇಕು. ಮಧ್ಯಾಹ್ನ ಕುರಿ ಹಿಂಡು ನೆರಳಿಗೆ ಬಂದಾಗ ಕುರಿಗಾರರ ಜೊತೆ ಕೂತು, ಮಳೆ ಹೆಂಗಾತು, ತೋಳ ಬರ್ತಾವೇನು ಅಂತ ಮಾತು ಶುರು ಮಾಡಬೇಕು. ಆಮೇಲೆ, ಈ ಹೊಲದಲ್ಲಿ ದೊಡ್ಡ ಹಕ್ಕಿ ಯಾವ್ಯಾವು ಇಳೀತಾವ?

ಇಂಡಿ ಕಡೆ ಒಬ್ಬ ಅಜ್ಜ ಹೀಗೆ ಕೇಳಿದಾಗ ಕೋಲು ನೆಲಕ್ಕೆ ಊರಿ, ಕೋಲಿನ ಅರ್ಧಕ್ಕಿಂತ ಮೇಲೆ ಕೈ ಇಟ್ಟು ಎತ್ತರ ತೋರಿಸಿದರು. ನಾನು ಹೆಸರು ಹೇಳಿರಲಿಲ್ಲ. ಓಡುತ್ತಿತ್ತಾ ಅಂದೆ. "ಓಡೂದಿಲ್ರಿ, ನಡೀತದ. ಗೌಡ್ರು ಹೊಲಾ ನೋಡಾಕ ಬಂದಂಗ, ಮಾರಿ ಮ್ಯಾಲ ಮಾಡ್ಕೊಂಡು." ನೆತ್ತಿ ಯಾವ ಬಣ್ಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಲೆಯ ಮೇಲಿನ ಕರಿ ಕಂಬಳಿ ಮುಟ್ಟಿ ತೋರಿಸಿದರು. ಗಂಡು ಎರೆಭೂತದ ನೆತ್ತಿ ಕಪ್ಪು, ಕುತ್ತಿಗೆ ಬಿಳಿ. ಯಾವಾಗ ನೋಡಿದ್ದು ಅಂದೆ. "ನಮ್ಮ ದೊಡ್ಡ ಮಗನ ಮದಿವಿಕಿಂತ ಮೊದ್ಲರಿ." ಅದಾದ ಮೇಲೆ? "ಇಲ್ರಿ. ಸುಳ್ಳ ಯಾಕ ಹೇಳ್ಲಿ." ಆ ಕೊನೆಯ ಉತ್ತರದಿಂದಲೇ ಮೊದಲಿನ ಉತ್ತರಕ್ಕೆ ಬೆಲೆ ಬಂತು. ನನ್ನ ವಹಿಯಲ್ಲಿ ಎರಡನ್ನೂ ಬರೆದುಕೊಂಡೆ.

ಬೇರೆಯವರು ಹೇಳಿದ ಎಷ್ಟೋ ಎರೆಭೂತಗಳು ವಿಚಾರಿಸುತ್ತಾ ಹೋದಂತೆ ಬೇರೆ ಹಕ್ಕಿಗಳಾದವು. ಹೆಣ್ಣು ನವಿಲು ಬಹಳ ಸಲ. ಹಾರುವಾಗ ಕಾಲು ಹಿಂದಕ್ಕೆ ಚಾಚಿ, ಗುಂಪಾಗಿ, ಕೂಗುತ್ತಾ ಹೋದವು ಅಂದರೆ ಅವು ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಬರುವ ಡೆಮೊಸೆಲ್ ಕ್ರೇನ್. ಕೆರೆ ದಂಡೆಯಲ್ಲಿ ಕಪ್ಪೆ ಹಿಡಿಯುತ್ತಿತ್ತು ಅಂದರೆ ಯಾವುದೋ ಕೊಕ್ಕರೆ.

ಹಾಗೇ ಸಿಗದಿದ್ದ ದಿನವನ್ನೂ ಬರೆಯಿರಿ. ಇಬರ್ಡ್‌ನಂಥ ಆ್ಯಪ್‌ನಲ್ಲಿ ಎಷ್ಟು ಹೊತ್ತು ನಡೆದಿರಿ, ಎಷ್ಟು ದೂರ, ಕಂಡ ಎಲ್ಲ ಹಕ್ಕಿಗಳ ಪಟ್ಟಿ ಹಾಕಬಹುದು. ಗುಬ್ಬಿ, ಕಾಗೆ, ನೆಲಗುಬ್ಬಿ ಎಲ್ಲ ಇರಲಿ. ಎರೆಭೂತ ಆ ಪಟ್ಟಿಯಲ್ಲಿ ಇಲ್ಲದಿರುವುದೇ ಮಾಹಿತಿ. ಕಂಡದ್ದನ್ನಷ್ಟೇ ಹಾಕಿದರೆ, ಯಾರೂ ಹೋಗದ ಜಾಗವೂ ಹೋಗಿ ಬರಿಗೈಲಿ ಬಂದ ಜಾಗವೂ ನಕ್ಷೆಯಲ್ಲಿ ಒಂದೇ ಥರ ಖಾಲಿ ಕಾಣುತ್ತವೆ. ಬಾಗಲಕೋಟೆಯ ಯಡಹಳ್ಳಿ ಚಿಂಕಾರ ಅಭಯಾರಣ್ಯ ಆದದ್ದು 2016ರಲ್ಲಿ. ಬೀಳಗಿ, ಮುಧೋಳದವರಿಗೆ ಚಿಂಕಾರ ಎಂಬ ಈ ಹುಲ್ಲೆ ಹೊಸದಾಗಿರಲಿಲ್ಲ. ಕಾಗದಕ್ಕೆ ಬಂದದ್ದು ತಡವಾಗಿ, ಅಷ್ಟೇ.

ಇನ್ನು ಪ್ರಶ್ನೆ ಕೇಳಿ.

ಒಬ್ಬ ವಿದ್ಯಾರ್ಥಿನಿ: "ಸರ, ಮೊಬೈಲ್‌ನಾಗ ಹಕ್ಕಿ ದನಿ ಹಚ್ಚಿದ್ರ ಹತ್ರ ಬರ್ತಾವಂತ. ಹಚ್ಚಬೌದೇನ್ರಿ?"

ಬೇಡಮ್ಮ. ಕೋರ್ಸರ್ ಅಧ್ಯಯನದಲ್ಲಿ ದನಿ ಹಾಕಿದ್ದರು, ಅದು ಅನುಮತಿ ಪಡೆದು, ಲೆಕ್ಕ ಹಾಕಿ ಮಾಡಿದ್ದು. ಮೊಟ್ಟೆ ಇಡುವ ಕಾಲದಲ್ಲಿ ಸುಮ್ನೆ ದನಿ ಹಾಕಿದರೆ ಹಕ್ಕಿ ಗೂಡು ಬಿಟ್ಟು ಬರುತ್ತದೆ. ನೀನು ಕೇಳಿಸಿಕೊಂಡ ದನಿಯನ್ನು ರೆಕಾರ್ಡ್ ಮಾಡು, ಅದು ಜಾಸ್ತಿ ಉಪಯೋಗ.

ಇನ್ನೊಬ್ಬ: "ಎರೆಭೂತ ಕಂಡ್ರ ಏನ್ ಮಾಡೂದ್ರಿ?"

ದೂರ ನಿಂತು ಒಂದು ಫೋಟೋ, ಮಂಕಾಗಿದ್ದರೂ ಪರವಾಗಿಲ್ಲ. ಹೊತ್ತು, ಹೊಲ ಬರೆದುಕೊಳ್ಳಿ. ಅರಣ್ಯ ಇಲಾಖೆಯ ವಲಯ ಅರಣ್ಯಾಧಿಕಾರಿಗೆ ತಿಳಿಸಿ. ವಾಟ್ಸಾಪ್ ಗ್ರೂಪಿಗೆ ಲೊಕೇಶನ್ ಹಾಕಬೇಡಿ. ಮರುದಿನ ಹತ್ತು ಬೈಕ್ ಬಂದು ನಿಲ್ಲುತ್ತವೆ.

ಹಿಂದೆ ಕೂತಿದ್ದ ಒಬ್ಬ ರೈತರು ಎದ್ದು ನಿಂತರು: "ಸರ್ರ, ನೀವು ಹೇಳೂದೆಲ್ಲ ಖರೇ. ಹಕ್ಕಿ ಸಿಕ್ತು ಅಂತ ತಿಳ್ಕೋರಿ. ನಮ್ಮ ಹೊಲಾ ಹೋಗ್ತದೇನ್ರಿ?"

ಇಡೀ ಸಭೆಯಲ್ಲಿ ಇದಕ್ಕಿಂತ ಒಳ್ಳೆ ಪ್ರಶ್ನೆ ಬರಲಿಲ್ಲ. ತಪ್ಪಿಸಿಕೊಳ್ಳುವ ಉತ್ತರ ಕೊಡುವುದಿಲ್ಲ. ಸೋಲಾಪುರದ ಅಭಯಾರಣ್ಯವನ್ನು ಮೊದಲು 8,496 ಚದರ ಕಿಲೋಮೀಟರ್ ಅಂತ ಗುರುತು ಹಾಕಿದರು. ಅದರೊಳಗೆ ಜನರ ಹೊಲ, ಮನೆ, ಊರು ಎಲ್ಲ ಬಂದವು. ಜಮೀನು ಮಾರಾಟ, ಕಟ್ಟಡ, ಎಲ್ಲಕ್ಕೂ ತೊಡಕು. ಜನ ಹಕ್ಕಿಯ ಮೇಲೇ ಸಿಟ್ಟಾದರು. ಕೊನೆಗೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟರಲ್ಲಿ ಹಕ್ಕಿಯೂ ಕಡಿಮೆಯಾಗಿತ್ತು, ನಂಬಿಕೆಯೂ ಹೋಗಿತ್ತು. ಹಕ್ಕಿ ಮೊಟ್ಟೆ ಇಟ್ಟ ಹೊಲದ ರೈತನಿಗೆ ಆ ಹಂಗಾಮಿನ ಬೆಳೆಯ ಹಣ ಕೊಟ್ಟು, ಜೋಳ ಕಡಲೆ ಬೆಳೆಯುವುದನ್ನೇ ಮುಂದುವರಿಸಿ ಅನ್ನುವುದು ನನ್ನ ಪ್ರಕಾರ ಸರಿಯಾದ ದಾರಿ. ಆದರೆ ಹಾಗೇ ಆಗುತ್ತದೆ ಅಂತ ನಿಮಗೆ ಮಾತು ಕೊಡುವ ಅಧಿಕಾರ ನನಗಿಲ್ಲ.

ಅವರು ಕೂಡಲಿಲ್ಲ. "ಹಂಗಾದ್ರ ಕಂಡ್ರೂ ನಾವು ಯಾಕ ಹೇಳಬೇಕ್ರಿ?"

ಸಭೆ ನಕ್ಕಿತು. ನಾನೂ ನಕ್ಕೆ, ಆದರೆ ಅವರು ತಮಾಷೆ ಮಾಡಿರಲಿಲ್ಲ. ನಮ್ಮ ಜಿಲ್ಲೆಯಿಂದ ಎರೆಭೂತದ ಸುದ್ದಿ ಬರದೇ ಇರುವುದಕ್ಕೆ ಹಕ್ಕಿ ಇಲ್ಲದಿರುವುದು ಒಂದೇ ಕಾರಣ ಇರಲಿಕ್ಕಿಲ್ಲ ಅಂತ ಅವರಿಗೆ ಹೇಳಿದೆ. ಹೊಲದ ಮಾತು ಮೊದಲು ಇತ್ಯರ್ಥ ಆಗಬೇಕು ಅನ್ನುವುದನ್ನು ಒಪ್ಪಿಕೊಂಡೆ. ವೇದಿಕೆ ಮೇಲಿದ್ದ ಪ್ರಾಂಶುಪಾಲರು ಮುಂದಿನ ಸಲ ಅರಣ್ಯ ಇಲಾಖೆಯವರನ್ನೂ ಕಂದಾಯ ಇಲಾಖೆಯವರನ್ನೂ ಕರೆಯೋಣ ಅಂದರು. "ಕರೀರಿ, ನಾವೂ ನಾಕ್ ಮಂದಿ ಬರ್ತೀವಿ" ಅಂದು ರೈತರು ಕೂತರು.